ಮೊದಲು ಹುಲ್ಲು ನೋಡು, ತಮ್ಮಾ

ತಮ್ಮಾ,

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ನೀನು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದೆ. ನಿನಗಿಂತ ಒಂದು ವರ್ಷ ಮೊದಲೇ ಮಿಸೌರಿಗೆ ಓದಲು ಹೋದ ನಿನ್ನ ಗೆಳೆಯ ಎಲೆಬಣ್ಣದ ಅಂಗಿ ತೊಟ್ಟು, ಸತ್ತ ಟರ್ಕಿಯ ಬಾಲವನ್ನು ಬೀಸಣಿಗೆಯ ಹಾಗೆ ಬಿಡಿಸಿ ಹಿಡಿದು ನಗುತ್ತಿದ್ದ. "ಅಜ್ಜಾ, ಅಲ್ಲಿ ಹೋದ ಮೇಲೆ ನನ್ನನ್ನೂ ಶಿಕಾರಿಗೆ ಕರೆದಿದ್ದಾನೆ. ಹೋಗ್ಲಾ?" ಅಂದೆ. ನಿನ್ನ ಅಮ್ಮ ಸಾರು ಬಡಿಸುತ್ತಲೇ "ಏನೂ ಬ್ಯಾಡ" ಅಂದಳು. ನೀನು ಅಷ್ಟಕ್ಕೇ ಬಿಡಲಿಲ್ಲ. "ಅವರು ವರ್ಷಾ ಲಕ್ಷಗಟ್ಟಲೆ ಹೊಡೀತಾರೆ, ಆದ್ರೂ ಅಲ್ಲಿ ಹಕ್ಕಿ ತುಂಬಿವೆ. ನಾವು ಹೊಡೆಯೋದನ್ನೇ ಬಿಟ್ಟು ಎಷ್ಟೋ ವರ್ಷ ಆಯ್ತು, ಆದ್ರೂ ನಮ್ಮ ಮಾಳಢೋಕ ಹಕ್ಕಿ ಯಾಕೆ ಮುಗಿದು ಹೋಯ್ತು?"

ನಾನು ಆಗ ಸುಮ್ಮನಿದ್ದೆ. ಮಜ್ಜಿಗೆ ಕುಡಿದು ಏಳುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಆಗಸ್ಟಿನಲ್ಲಿ ನೀನು ಹೊರಡುತ್ತೀ. ಎಪ್ಪತ್ತೈದು ದಾಟಿದವನ ಮಾತು ಕಿವಿಯಲ್ಲಿ ಉಳಿಯುತ್ತದೋ ಇಲ್ಲವೋ ಅಂತ ಬರೆದೇ ಕೊಡುತ್ತಿದ್ದೇನೆ. ವಿಮಾನದಲ್ಲಾದರೂ ಓದು.

ಮೊದಲು ನಮ್ಮ ಮನೆಯ ಕತೆ ಕೇಳು. ನಮ್ಮದು ಅಡವಿ ಮಾಂಸ ತಿಂದ ಮನೆ. ಅದನ್ನು ಮುಚ್ಚಿಟ್ಟು ನಿನಗೆ ಬುದ್ಧಿ ಹೇಳಿದರೆ ಆ ಬುದ್ಧಿಗೆ ತೂಕವಿರುವುದಿಲ್ಲ.

ಅಕ್ಕಲಕೋಟ ತಾಲೂಕಿನ ನಮ್ಮೂರು ನಿನಗೆ ಗೊತ್ತು. ಜಿಲ್ಲೆ ಸೋಲಾಪುರ, ರಾಜ್ಯ ಮಹಾರಾಷ್ಟ್ರ, ಮನೆಯೊಳಗೆ ಕನ್ನಡ. ಊರ ಬದಿಗೆ ಎರೆಹೊಲ, ಅದರಾಚೆ ಗಾಯರಾಣ, ಅಂದರೆ ಗೋಮಾಳ. ಮರ ಅಂದರೆ ಅಲ್ಲೊಂದು ಜಾಲಿ, ಇಲ್ಲೊಂದು ಬೋರೆ. ಉಳಿದದ್ದೆಲ್ಲ ಹುಲ್ಲು. ನನ್ನ ಸೋದರಮಾವನ ಹತ್ತಿರ ಮದ್ದು ತುಂಬಿ ಹೊಡೆಯುವ ಹಳೆಯ ಬಂದೂಕಿತ್ತು. ಸುಗ್ಗಿ ಮುಗಿದ ಮೇಲೆ ಗೌಜಲು ಹೊಡೆಯಲು ಹೋಗುತ್ತಿದ್ದ. ಅವನ ಹಿಂದೆ ಚೀಲ ಹೊರುವವನು ನಾನು, ಹನ್ನೆರಡು ವರ್ಷದ ಹುಡುಗ. ಗೌಜಲಿನ ಕೂಗು ನೀನೂ ಕೇಳಿದ್ದೀಯ. ಕಿವಿಗೊಟ್ಟರೆ "ಪಟೀಲ, ಪಟೀಲ, ಪಟೀಲ" ಅಂದ ಹಾಗೆ ಇರುತ್ತದೆ. ಪಾಟೀಲರ ಮನೆಯ ಹುಡುಗರು ಜೊತೆಗಿದ್ದರೆ "ಹೋಗ್ರಲೇ, ನಿಮ್ಮನ್ನ ಕರ್ಯಾಕತ್ತೈತಿ" ಅಂತ ಕೆಣಕುತ್ತಿದ್ದೆವು.

ಒಂದು ಸಂಜೆ ಮಾವ ಎರಡು ಗೌಜಲು ತಂದ. ನನ್ನ ಅಜ್ಜಿ ಹಿತ್ತಲಲ್ಲಿ ಕೂತು ಪುಕ್ಕ ಕಿತ್ತಳು. ಕುತ್ತಿಗೆಯ ಬುಡದಲ್ಲಿ ಹಕ್ಕಿಗೆ ಕಾಳಿನ ಚೀಲ ಇರುತ್ತದಲ್ಲ, ಅದನ್ನು ಈಳಿಗೆಯ ತುದಿಯಿಂದ ಸೀಳಿ ತಾಟಿನಲ್ಲಿ ಸುರಿದಳು. ಎಂಟ್ಹತ್ತು ಜೋಳದ ಕಾಳು. ಒಂದು ಚಮಚದಷ್ಟು ಹುಲ್ಲಿನ ಬೀಜ, ಎಳ್ಳಿಗಿಂತ ಸಣ್ಣವು. ಬೆಳ್ಳಗೆ ಅಂಟಿಕೊಂಡ ಗೆದ್ದಲು. ಒಂದು ಮಿಡತೆಯ ಹಿಂಗಾಲು, ಗರಗಸದಂಥ ಮುಳ್ಳುಗಳ ಸಮೇತ. ಒಂದೆರಡು ಸಣ್ಣ ಹರಳು. ಅಜ್ಜಿ ಬೆರಳಿನಿಂದ ಅದನ್ನೆಲ್ಲ ಬಿಡಿಸಿ ತೋರಿಸಿ, "ನೋಡಪಾ, ಇದರ ಹೊಟ್ಟ್ಯಾಗ ನಮ್ಮ ಅಡವೀನ ಐತಿ" ಅಂದಳು. ಆಮೇಲೆ ಮಾವನ ಕಡೆ ತಿರುಗಿ ಪ್ರತಿ ವರ್ಷ ಹೇಳುವ ಮಾತನ್ನು ಮತ್ತೆ ಹೇಳಿದಳು: "ಮಿರಗದ ಮಳಿ ಬಿದ್ದ ಮ್ಯಾಲ ಬಂದೂಕು ಮುಟ್ಟಬ್ಯಾಡ. ತತ್ತಿ ಇಡೂ ಹೊತ್ತು."

ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಹಕ್ಕಿ, ನೆಲ, ಬೇಟೆ ಈ ಮೂರರ ನಂಟು ಅವಳ ತಾಟಿನಲ್ಲಿತ್ತು. ಅಸಲು ಇರುವುದು ನೆಲದಲ್ಲಿ. ಹಕ್ಕಿ ಅದರ ಬಡ್ಡಿ. ಬಡ್ಡಿಯಲ್ಲಿ ಒಂದು ಪಾಲು ತಿಂದರೆ ಮನೆ ಮುಳುಗುವುದಿಲ್ಲ. ಅಸಲನ್ನೇ ಕರಗಿಸಿದ ಮೇಲೆ, ಬಡ್ಡಿ ಮುಟ್ಟುವುದಿಲ್ಲ ಅಂತ ಎಷ್ಟು ಆಣೆ ಮಾಡಿದರೂ ಮನೆ ನಿಲ್ಲುವುದಿಲ್ಲ.

ಎಲ್ಲ ಹಕ್ಕಿಯ ಬಡ್ಡಿದರವೂ ಒಂದೇ ಅಲ್ಲ, ಅದನ್ನೂ ತಿಳಿದುಕೋ. ಗೌಜಲು ಒಂದು ಸಲಕ್ಕೆ ಆರೇಳು ಮೊಟ್ಟೆ ಇಡುತ್ತದೆ. ಕಾಡು ಟರ್ಕಿ ಹೇಂಟೆ ಡಜನ್ ಹತ್ತಿರ ಇಡುತ್ತದೆ. ಅವುಗಳಲ್ಲಿ ಬಹುಪಾಲು ನರಿ, ಹಾವು, ಹದ್ದು, ಚಳಿ, ಹಸಿವಿಗೆ ಹೋಗುವವೇ. ಹಾಗೆ ಹೇಗೂ ಹೋಗುವ ಪಾಲಿನಲ್ಲಿ ಮನುಷ್ಯ ಕೊಂಚ ತೆಗೆದರೆ ಮುಂದಿನ ವರ್ಷಕ್ಕೆ ಅಷ್ಟೇನೂ ಕೊರತೆ ಬೀಳದು. ನೀನು ಕೇಳಿದ ಮಾಳಢೋಕದ ಲೆಕ್ಕ ಬೇರೆ. ನಮ್ಮ ಕಡೆ ಅದಕ್ಕೆ ಎರೆಭೂತ ಅನ್ನುತ್ತಾರೆ, ಬಳ್ಳಾರಿಯ ಸಿರುಗುಪ್ಪ ಕಡೆ ಎರ್ಲಡ್ಡು. ಒಂದು ಮೀಟರ್ ಎತ್ತರ, ಗಂಡು ಹದಿನೈದು ಕಿಲೋವರೆಗೂ ತೂಗುತ್ತದೆ. ಅಷ್ಟು ದೊಡ್ಡ ಹಕ್ಕಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿ ನೆಲದ ಮೇಲೆ. ನಾಯಿ ಮೂಸಿದರೂ ಹೋಯಿತು, ಎತ್ತಿನ ಗೊರಸು ಬಿದ್ದರೂ ಹೋಯಿತು. ಮರಿ ತಿಂಗಳುಗಟ್ಟಲೆ ತಾಯಿಯ ಬೆನ್ನು ಬಿಡುವುದಿಲ್ಲ. ಇಂಥ ಹಕ್ಕಿಯ ಮೇಲೆ ಬಂದೂಕು ಎತ್ತಿದರೆ ಬಡ್ಡಿಗೆ ಕೈ ಹಾಕಿದ ಹಾಗಲ್ಲ, ಮನೆಯ ತೊಲೆಗೇ ಗರಗಸ ಇಟ್ಟ ಹಾಗೆ.

ಆದರೂ ಒಂದು ಹಳೆಯ ಲೆಕ್ಕ ಕೇಳು. ಪುಣೆಯ ಪಕ್ಕದ ಅಹಮದನಗರ ಜಿಲ್ಲೆಯಲ್ಲಿ, ಈಗ ಅಹಿಲ್ಯಾನಗರ, ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಬೇಟೆಗಾರ 1809ರಿಂದ 1829ರವರೆಗೆ 961 ಮಾಳಢೋಕ ಹೊಡೆದನೆಂದು ದಾಖಲೆಯಿದೆ. ಒಬ್ಬನೇ ಮನುಷ್ಯ, ಒಂದೇ ಜಿಲ್ಲೆ. ಈಗ ಇಡೀ ದೇಶದಲ್ಲಿ ಉಳಿದಿರುವುದು ಸುಮಾರು ನೂರೈವತ್ತು, ಬಹುತೇಕ ಎಲ್ಲವೂ ರಾಜಸ್ಥಾನದ ಜೈಸಲ್ಮೇರ್ ಸುತ್ತ. ಅವನ ಆಸೆಬುರುಕತನವನ್ನು ನಾನು ಒಪ್ಪುತ್ತಿಲ್ಲ. ನೀನು ಗಮನಿಸಬೇಕಾದ್ದು ಇನ್ನೊಂದು ಮಾತು. ಅಷ್ಟು ಹೊಡೆದ ಮೇಲೂ ಈ ಸೀಮೆಯಲ್ಲಿ ಆ ಹಕ್ಕಿ ಇನ್ನೂ ನೂರೈವತ್ತು ವರ್ಷ ಉಳಿಯಿತು. ನಾನೇ ಹುಡುಗನಾಗಿದ್ದಾಗ ಜೋಳದ ಕೂಳೆಯಲ್ಲಿ ಮೂರು ನಿಂತಿದ್ದನ್ನು ಕಂಡಿದ್ದೇನೆ, ದೂರದಿಂದ ಆಳು ಕೂತ ಹಾಗೆ. ಯಾಕೆ ಉಳಿಯಿತು? ಕಣ್ಣು ಹಾಯುವಷ್ಟು ದೂರ ಹುಲ್ಲಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಜೀಪು ಬಂತು. ಕಾಲ್ನಡಿಗೆಯ ಬೇಟೆಗಾರನನ್ನು ಅರ್ಧ ಮೈಲಿಯಿಂದಲೇ ಕಂಡು ಹಾರುವ ಹಕ್ಕಿ ಗಾಡಿಯನ್ನು ಹತ್ತಿರ ಬರಗೊಡುತ್ತಿತ್ತು. ಅಲ್ಲಿ ಬಂದೂಕು ದೊಡ್ಡ ಪಾಪ ಮಾಡಿತು, ಅದನ್ನು ಅಲ್ಲಗಳೆಯಬಾರದು. 1969ರಲ್ಲಿ ಪಕ್ಷಿತಜ್ಞ ಧರ್ಮಕುಮಾರಸಿಂಹಜಿ ದೇಶದಲ್ಲಿ ಸುಮಾರು 1,260 ಉಳಿದಿರಬಹುದೆಂದು ಅಂದಾಜು ಮಾಡಿದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಮಾಳಢೋಕ ಮೊದಲನೇ ಪಟ್ಟಿಗೆ ಸೇರಿತು. 1991ರ ತಿದ್ದುಪಡಿಯ ನಂತರ ಗೌಜಲು, ಪುರ್ಲೆಯಂಥ ಸಣ್ಣ ಹಕ್ಕಿಗಳ ಲೈಸೆನ್ಸ್ ಬೇಟೆಯೂ ನಿಂತಿತು. ಆದ್ದರಿಂದ ನೆನಪಿರಲಿ, ಇಲ್ಲಿ ಗೌಜಲು ಹಿಡಿದರೂ ಜೈಲು. ನನ್ನ ಕತೆ ಕೇಳಿ ಯಾರೂ ಏರ್‌ಗನ್ ಹಿಡಿದು ಪುಣೆ ಹತ್ತಿರದ ಸಾಸ್ವಡದ ಕಡೆ ಹೋಗುವುದು ಬೇಡ.

ಕಾಯಿದೆ ಬಂದ ಅದೇ 1972ರಲ್ಲಿ ನಮ್ಮ ಸೀಮೆಗೆ ಬರ ಬಂತು. ಮುದುಕರು ಇವತ್ತಿಗೂ ತಾರೀಕು ಹೇಳುವಾಗ "ಎಪ್ಪತ್ತೆರಡರ ಬರದ ಮುಂಚೆ, ಆಮೇಲೆ" ಅನ್ನುತ್ತಾರೆ. ನಾನು ಪುಣೆಗೆ ಕೆಲಸ ಹುಡುಕಿಕೊಂಡು ಬಂದದ್ದು ಆ ವರ್ಷ. ನಾನು ಊರು ಬಿಟ್ಟ ಹಾಗೆ ಹುಲ್ಲೂ ಊರು ಬಿಟ್ಟಿತು. ಬರಕ್ಕೆ ಮದ್ದು ಅಂತ ನೀರು ಬಂತು, ತಪ್ಪಲ್ಲ. ಭೀಮಾ ನದಿಗೆ ಉಜನಿ ಅಣೆಕಟ್ಟು ಎದ್ದಿತು. ಇಂದಾಪುರ, ಮಾಢಾ, ಪಂಢರಪುರದ ಜೋಳದ ಹೊಲಗಳು ಕಬ್ಬಾದವು. ಹಿನ್ನೀರಿನ ಭಿಗವಣಕ್ಕೆ ರಾಜಹಂಸ ಬಂದವು. ನಾವೆಲ್ಲ ಹೋಗಿ ಫೋಟೋ ತೆಗೆದೆವು. ಒಂದು ಹಕ್ಕಿಗೆ ಮನೆ ಕಟ್ಟಿದ ನೀರೇ ಇನ್ನೊಂದರ ಮನೆ ಮುಳುಗಿಸಿತು ಅಂತ ಯಾರಿಗೂ ಆಗ ತೋಚಲಿಲ್ಲ. ಕಬ್ಬಿನಲ್ಲಿ ಮಾಳಢೋಕ ನಿಲ್ಲುವುದಿಲ್ಲ, ತಮ್ಮಾ. ಅದಕ್ಕೆ ನಾಲ್ಕೂ ದಿಕ್ಕು ಕಾಣಬೇಕು. ಗಂಡು ಕುಣಿದು ಹೆಣ್ಣನ್ನು ಕರೆಯಲು ಗಿಡ್ಡ ಹುಲ್ಲು ಬೇಕು, ಹೆಣ್ಣು ಮೊಟ್ಟೆ ಬಚ್ಚಿಡಲು ಮೊಣಕಾಲೆತ್ತರದ ಹುಲ್ಲು ಬೇಕು, ಮರಿಗೆ ಮಿಡತೆ ಬೇಕು, ಮಧ್ಯಾಹ್ನಕ್ಕೆ ಒಂದು ಪೊದೆಯ ನೆರಳು ಬೇಕು. ಇವು ನಾಲ್ಕೂ ನಡೆದು ಮುಟ್ಟುವಷ್ಟು ಹತ್ತಿರ ಇರಬೇಕು.

1979ರಲ್ಲಿ ಸೋಲಾಪುರ ಹತ್ತಿರದ ನಾನ್ನಜ್ ಕೇಂದ್ರವಾಗಿ ಮಾಳಢೋಕ ಅಭಯಾರಣ್ಯ ಘೋಷಣೆಯಾಯಿತು. ವಿಸ್ತೀರ್ಣ ಎಷ್ಟು ಗೊತ್ತೇ? ಸುಮಾರು 8,496 ಚದರ ಕಿಲೋಮೀಟರ್. ಕಾಗದದ ಮೇಲೆ ದೇಶದಲ್ಲೇ ದೊಡ್ಡದು. ಒಳಗೆ ಪೇಟೆ, ರಸ್ತೆ, ಸಕ್ಕರೆ ಕಾರ್ಖಾನೆ, ರೈತರ ಹೊಲ ಎಲ್ಲ. ಹಕ್ಕಿ ನಿಜಕ್ಕೂ ಕೂತದ್ದು ಅರಣ್ಯ ಇಲಾಖೆ ಬೇಲಿ ಹಾಕಿ ಹುಲ್ಲು ಬೆಳೆಸಿದ ನೂರಾರು ಹೆಕ್ಟೇರಿನ ತುಂಡುಗಳಲ್ಲಿ. ಜಮೀನು ಮಾರಲು ತೊಡಕು, ಬಾವಿಗೆ ತೊಡಕು ಅಂತ ರೈತರು ಹಕ್ಕಿಯನ್ನೇ ಶಪಿಸಿದರು. ಕಡೆಗೆ ಗಡಿ ಇಳಿದು 1,222 ಚದರ ಕಿಲೋಮೀಟರ್ ಆಯಿತು. ಈಗ ಅಲ್ಲಿ ಹಕ್ಕಿ ಎಣಿಸಲು ಒಂದು ಕೈಯ ಬೆರಳೂ ಬೇಕಾಗುವುದಿಲ್ಲ. ನಕಾಶೆಯಲ್ಲಿ ದೊಡ್ಡ ವರ್ತುಲ ಎಳೆಯುವುದು ಸುಲಭ, ಅದರೊಳಗೆ ಹುಲ್ಲು ಉಳಿಸುವುದು ಕಷ್ಟ.

ಕರ್ನಾಟಕದವರು ಜಾಣರು ಅಂದುಕೊಳ್ಳಬೇಡ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು, 119 ಚದರ ಕಿಲೋಮೀಟರ್. ಎರೆಭೂತಕ್ಕೂ ಅದೇ ಮನೆ. ಬೋಳು ಮಾಳ ಕಂಡು ಇಲಾಖೆಗೆ ಮರುಕ ಬಂತು. ನೀಲಗಿರಿ ನೆಟ್ಟಿತು. ನೀಲಗಿರಿ ಎತ್ತರಕ್ಕೆ ಬೆಳೆಯಿತು, ಎರೆಭೂತ ಹೊರಟುಹೋಯಿತು. ಒಂದು ಗುಂಡೂ ಹಾರಲಿಲ್ಲ.

ಬೇರೆಯವರ ತಪ್ಪು ಹೇಳಿದ ಬಾಯಿಂದಲೇ ನನ್ನದನ್ನೂ ಹೇಳುತ್ತೇನೆ. ಕಾರ್ಖಾನೆಯ ಶಿಫ್ಟು ಮುಗಿಸಿ ನಾನು ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡ ಹತ್ತುತ್ತಿದ್ದ ಕಾಲ. ಇಡೀ ಪುಣೆಗೆ ಗಿಡ ನೆಡುವ ಹುಚ್ಚು. ನಾವೂ ಹತ್ತು ಹನ್ನೆರಡು ಜನ ಒಂದು ಗುಂಪು ಕಟ್ಟಿಕೊಂಡು, ಪ್ರತಿ ಜುಲೈ ಭಾನುವಾರ ಹಾರೆ, ಗುದ್ದಲಿ, ಗ್ಲಿರಿಸಿಡಿಯಾ ಸಸಿ ಹೊತ್ತು ಟೇಕಡಿಗೆ ಹೋಗುತ್ತಿದ್ದೆವು. ಗ್ಲಿರಿಸಿಡಿಯಾವನ್ನು ಆಡು ತಿನ್ನುವುದಿಲ್ಲ, ಬೇಗ ಬೆಳೆಯುತ್ತದೆ, ಬರಡು ಗುಡ್ಡ ಹಸಿರಾಗುತ್ತದೆ ಅಂತ ಎಲ್ಲರ ನಂಬಿಕೆ. ಒಂದು ಭಾನುವಾರ ನಾನು ಗುಂಡಿಗೆ ಹಾರೆ ಹಾಕಿದೆ. ಹುಲ್ಲಿನ ಒಂದು ಬುಡ ಬೇರು ಸಮೇತ ಮೇಲೆದ್ದಿತು. ಅದರಡಿ ಅಂಗೈಯಗಲದ ತಗ್ಗು, ಒಣಹುಲ್ಲಿನ ಹಾಸಿಗೆ, ಅದರಲ್ಲಿ ಕಂದು ಚುಕ್ಕೆಯ ಮೂರು ಮೊಟ್ಟೆ. ಒಂದು ಒಡೆದು ಹಳದಿ ಹರಿದಿತ್ತು. ನೆಲಗುಬ್ಬಿಯದು. ಹಕ್ಕಿ ನಾಲ್ಕು ಮಾರು ದೂರದಲ್ಲಿ ರೆಕ್ಕೆ ಎಳೆದುಕೊಂಡು ಒದ್ದಾಡುವ ನಟನೆ ಮಾಡುತ್ತಿತ್ತು, ನನ್ನನ್ನು ಆ ಕಡೆ ಸೆಳೆಯಲು. ಸುತ್ತ ನೋಡಿದೆ. ಆ ಹೊತ್ತಿಗೆ ನಮ್ಮ ಗುಂಪು ನೂರು ಗುಂಡಿ ತೋಡಿತ್ತು. ಬಂದೂಕು ಹಿಡಿದ ಮಾವ ಒಂದು ಚಳಿಗಾಲದಲ್ಲಿ ಕೊಂದದ್ದಕ್ಕಿಂತ ಹೆಚ್ಚನ್ನು ಪುಣ್ಯ ಮಾಡುತ್ತೇನೆಂದು ಬಂದ ನಾನು ಒಂದೇ ಬೆಳಗಿನಲ್ಲಿ ಕೊಂದಿರಬಹುದು. ಮಿರಗದ ಮಳೆ ಬಿದ್ದ ಮೇಲೆ ಬಂದೂಕು ಮುಟ್ಟಬೇಡ ಅಂದಿದ್ದಳು ಅಜ್ಜಿ. ಗುದ್ದಲಿಯೂ ಅದರಲ್ಲಿ ಸೇರುತ್ತದೆಂದು ನನಗೆ ಹೊಳೆಯಲೇ ಇಲ್ಲ.

ಇಂದು ಆ ಗ್ಲಿರಿಸಿಡಿಯಾ ತೋಪಿನೊಳಗೆ ಹೋಗಿ ನೋಡು. ನೆರಳಡಿ ಹುಲ್ಲಿಲ್ಲ. ಹುಲ್ಲಿಲ್ಲದಲ್ಲಿ ಮಿಡತೆಯಿಲ್ಲ, ಮಿಡತೆಯಿಲ್ಲದಲ್ಲಿ ಗೌಜಲಿನ ಮರಿಯಿಲ್ಲ. ಟೇಕಡಿಯ ಇನ್ನೂ ಬಯಲಾಗಿ ಉಳಿದ ಬೆನ್ನಿನ ಮೇಲೆ ಮಾತ್ರ "ಪಟೀಲ, ಪಟೀಲ" ಕೇಳಿಸುತ್ತದೆ.

ಈಗ ನಿನ್ನ ಮಿಸೌರಿಗೆ ಬರೋಣ. ನೀನು ಫೋಟೋ ತೋರಿಸಿದ ಮೇಲೆ ಎರಡು ದಿನ ಕೂತು ಓದಿದೆ. ಅವರೂ ಒಮ್ಮೆ ನಮ್ಮ ಹಾಗೇ ಕೆಟ್ಟವರು. ಕಾಡು ಕಡಿದು, ವರ್ಷವಿಡೀ ಹೊಡೆದು, ಪೇಟೆಗೆ ಮಾರಿ, ಇಪ್ಪತ್ತನೇ ಶತಮಾನದ ಶುರುವಿನ ಹೊತ್ತಿಗೆ ಟರ್ಕಿಯನ್ನು ಹಲವು ರಾಜ್ಯಗಳಲ್ಲಿ ಪೂರಾ ಮುಗಿಸಿದ್ದರು. ಮಿಸೌರಿಯಲ್ಲಿ 1950ರ ಆಸುಪಾಸಿಗೆ ಎರಡು-ಮೂರು ಸಾವಿರ ಉಳಿದಿದ್ದವು. ಮೊದಲು ಅವರು ಮಾಡಿದ್ದು ಸುಲಭದ ಉಪಾಯ: ಫಾರಂನಲ್ಲಿ ಸಾಕಿದ ಟರ್ಕಿಗಳನ್ನು ಸಾವಿರ ಸಾವಿರ ತಂದು ಕಾಡಿಗೆ ಬಿಟ್ಟರು. ಮನುಷ್ಯನ ಕೈಯಿಂದ ಕಾಳು ತಿಂದ ಹಕ್ಕಿಗೆ ನರಿ ಅಂದರೆ ಏನೆಂದು ಗೊತ್ತಿರಲಿಲ್ಲ. ದುಡ್ಡೂ ಹೋಯಿತು, ಹಕ್ಕಿಯೂ ಹೋಯಿತು. 1954ರಿಂದ ದಾರಿ ಬದಲಿಸಿದರು. ಉಳಿದ ಕಾಡುಹಕ್ಕಿಗಳನ್ನೇ ಬಲೆ ಹಾರಿಸಿ ಹಿಡಿದು, ಕಾಡು ಮತ್ತೆ ಚಿಗುರಿದ ಕಡೆಗಳಿಗೆ ಹತ್ತೋ ಇಪ್ಪತ್ತೋ ಒಯ್ದು ಬಿಟ್ಟರು. 1960ರಲ್ಲಿ ಮತ್ತೆ ಬೇಟೆ ತೆರೆದಾಗ ಕೆಲವೇ ಜಿಲ್ಲೆ, ಮೂರೇ ದಿನ. 2004ರ ವಸಂತ ಒಂದರಲ್ಲೇ ಆ ರಾಜ್ಯದ ಬೇಟೆಗಾರರು ಅರವತ್ತು ಸಾವಿರ ಟರ್ಕಿ ಹೊಡೆದರು.

ಇದಕ್ಕೆಲ್ಲ ದುಡ್ಡು ಎಲ್ಲಿಂದ? 1937ರಲ್ಲಿ ಅಮೆರಿಕ ಒಂದು ಕಾಯಿದೆ ಮಾಡಿತು, ಅದನ್ನು ತಂದ ಇಬ್ಬರ ಹೆಸರಿನಿಂದ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ಅನ್ನುತ್ತಾರೆ. ಬೇಟೆ ಬಂದೂಕು, ಮದ್ದುಗುಂಡು ಮಾರಿದಾಗ ಬರುವ ತೆರಿಗೆ ವನ್ಯಜೀವಿ ಕೆಲಸಕ್ಕೇ ಹೋಗಬೇಕು. ಹೊಡೆಯುವವನ ಜೇಬಿನಿಂದಲೇ ಹಕ್ಕಿಯ ಮನೆಗೆ ದುಡ್ಡು. 1973ರಲ್ಲಿ ಟರ್ಕಿ ಬೇಟೆಗಾರರು ತಮ್ಮದೇ ರಾಷ್ಟ್ರೀಯ ಒಕ್ಕೂಟ ಕಟ್ಟಿ ಕಾಡು ಸುಧಾರಿಸುವ ಕೆಲಸಕ್ಕೆ ನಿಂತರು. ಬೇಟೆಗೂ ಕಟ್ಟುಪಾಡು: ವಸಂತದಲ್ಲಿ ಗಂಡನ್ನು ಮಾತ್ರ ಹೊಡೆಯಬೇಕು. ಒಂದು ಹುಂಜ ಹಲವು ಹೇಂಟೆಗಳ ಜೊತೆ ಕೂಡುವುದರಿಂದ, ಹೇಂಟೆಗಳು ಕಾವಿಗೆ ಕೂತ ಮೇಲೆ ಕೆಲವು ಹುಂಜ ಹೋದರೆ ಮರಿಗಳ ಲೆಕ್ಕ ಕೆಡುವುದಿಲ್ಲ. ನನ್ನ ಅಜ್ಜಿ ಹೇಳಿದ್ದನ್ನೇ ಅವರು ಕಾನೂನು ಮಾಡಿ, ಮೇಲೆ ವಿಜ್ಞಾನದ ಮುದ್ರೆ ಒತ್ತಿದ್ದಾರೆ.

ಹಾಗಂತ ಆ ದೇಶಕ್ಕೆ ಕೈ ಮುಗಿದು ಕೂರಬೇಡ. ಈಚಿನ ಇಪ್ಪತ್ತು ವರ್ಷಗಳಲ್ಲಿ ಅಲ್ಲಿಯ ಅನೇಕ ರಾಜ್ಯಗಳಲ್ಲಿ, ಮಿಸೌರಿಯಲ್ಲೂ, ಟರ್ಕಿ ಇಳಿಯುತ್ತಿದೆ. ಪ್ರತಿ ಬೇಸಿಗೆ ಅವರು ಒಂದು ಹೇಂಟೆಗೆ ಎಷ್ಟು ಮರಿ ಅಂತ ಎಣಿಸುತ್ತಾರೆ. ಆ ಸಂಖ್ಯೆ ಮೊದಲಿನಷ್ಟಿಲ್ಲ. ಕಾರಣ ಹುಡುಕಿದರೆ ಮತ್ತೆ ಅದೇ ನೆಲ: ಕಾಡು ಮುದಿಯಾಗಿ ಮುಚ್ಚಿಕೊಂಡಿದೆ, ಹಿಂದೆ ಹದವಾಗಿ ಬೆಂಕಿ ಹಾಕಿ ತೆರವು ಮಾಡುತ್ತಿದ್ದ ಕಡೆ ಈಗ ಹಾಕುವುದಿಲ್ಲ, ಬದುವಿನ ಹುಲ್ಲು-ಪೊದೆ ಹೋಗಿ ಬೆಳೆ ಅಂಚಿಗೆ ಅಂಚು ತಾಗಿದೆ. ಟರ್ಕಿ ಮರಿ ಮೊದಲ ಎರಡು ವಾರ ಸರಿಯಾಗಿ ಹಾರಲಾರದು. ಆ ದಿನಗಳಲ್ಲಿ ಅದಕ್ಕೆ ಬೇಕಾದ್ದು ಹುಳು. ಹುಳು ಇರುವುದು ಬಿಸಿಲು ಬೀಳುವ ಎಳೆ ಹುಲ್ಲಿನಲ್ಲಿ. ಕೆಲವು ರಾಜ್ಯಗಳು ಬೇಟೆಯ ದಿನ ಮುಂದೆ ಹಾಕಿವೆ, ಒಬ್ಬರು ಹೊಡೆಯಬಹುದಾದ ಸಂಖ್ಯೆ ಇಳಿಸಿವೆ. ಅಸಲು ಕರಗುವ ಸದ್ದು ಕೇಳಿದಾಗ ಬಡ್ಡಿ ತಿನ್ನುವುದನ್ನು ಕಡಿಮೆ ಮಾಡಿದ್ದಾರೆ. ಅಷ್ಟು ವಿವೇಕ ಅವರಲ್ಲಿದೆ. ನಿನ್ನ ಪ್ರಶ್ನೆಗೆ ಉತ್ತರ ಅಲ್ಲಿದೆ, ಅವರ ಬಂದೂಕಿನಲ್ಲಲ್ಲ.

ನಮ್ಮಲ್ಲೂ ಬೇಟೆ ಕಾದ ಜಾಗ ಉಂಟು. ಭರತಪುರದ ಕೆರೆಯನ್ನು ನೀನು ಕೇಳಿದ್ದೀಯ. ಅಲ್ಲಿಯ ಮಹಾರಾಜರು ಬಾತು ಹೊಡೆಯಲೆಂದೇ ಒಡ್ಡು ಕಟ್ಟಿ ನೀರು ನಿಲ್ಲಿಸಿದ ಜಾಗ ಅದು. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೊ ಬಂದ ದಿನ ಒಂದೇ ದಿನದಲ್ಲಿ 4,273 ಹಕ್ಕಿ ಬಿದ್ದವೆಂದು ಕಲ್ಲಿನಲ್ಲಿ ಕೆತ್ತಿದ್ದಾರೆ. ಇವತ್ತು ಅದು ಕೇವಲಾದೇವ ರಾಷ್ಟ್ರೀಯ ಉದ್ಯಾನ. 1982ರಲ್ಲಿ ಹಕ್ಕಿಗಳಿಗೆ ಒಳ್ಳೆಯದಾಗಲಿ ಅಂತ ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ಆ ಗಲಾಟೆಯಲ್ಲಿ ಗೋಳೀಬಾರ್ ಆಗಿ ಜನ ಸತ್ತರು. ಆಮೇಲೆ ಎಮ್ಮೆ ಮೇಯದ ಹುಲ್ಲು ನೀರಿನ ಮೇಲೆಲ್ಲ ಹಬ್ಬಿ ಬಾತುಗಳಿಗೇ ಜಾಗವಿಲ್ಲದ ಹಾಗಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವರ್ಷಗಟ್ಟಲೆ ಅಧ್ಯಯನ ಮಾಡಿ, ಎಮ್ಮೆ ಅಲ್ಲಿ ಕೆಲಸಕ್ಕೆ ಬರುತ್ತಿತ್ತು ಅಂದರು. ಬೇಲಿ ಹಾಕಿ ಬೀಗ ಜಡಿದರೆ ನೆಲ ತಾನೇ ನೋಡಿಕೊಳ್ಳುತ್ತದೆ ಅನ್ನುವುದೂ ಒಂದು ಮೂಢನಂಬಿಕೆ.

ನಮ್ಮ ಮಾಳಕ್ಕೂ ಇದೇ ಮಾತು. ಧನಗರ ಕುರಿ ತರುಬಿ ಮುಂದೆ ಹೋದ ಕಡೆ ಹುಲ್ಲು ಹದವಾಗಿ ಉಳಿಯುತ್ತದೆ. ಕುರಿ ಅಲ್ಲೇ ಬೀಡುಬಿಟ್ಟರೆ ಬೇರೂ ಉಳಿಯುವುದಿಲ್ಲ. ಪೂರಾ ಮೇಯದಿದ್ದರೆ ಹುಲ್ಲು ಒಣಗಿ ಒತ್ತಿ, ಗಿಡಗಂಟಿ ಏರುತ್ತದೆ. ನಮ್ಮ ಕಡೆ ಹರಣಶಿಕಾರಿಗಳೆನ್ನುವ ಫಾಸೆ ಪಾರ್ಧಿಗಳನ್ನು ಬ್ರಿಟಿಷರು ಅಪರಾಧಿ ಬುಡಕಟ್ಟೆಂದು ಬರೆದರು, ನಾವು ಆ ಕಳಂಕವನ್ನು ಇನ್ನೂ ಒರೆಸಿಲ್ಲ. ಅವರು ಸಾಕಿದ ಗೌಜಲನ್ನು ಪಂಜರದಲ್ಲಿ ಕೂಗಿಸಿ, ಸುತ್ತ ಉರುಲಿನ ಸಾಲು ನೆಟ್ಟು ಕಾಡುಗೌಜಲು ಹಿಡಿಯುತ್ತಿದ್ದುದನ್ನು ನಾನು ನೋಡಿದ್ದೇನೆ. ಯಾವ ಪೊದೆಯಲ್ಲಿ ಹಕ್ಕಿ ಮಲಗಿದೆ ಅಂತ ಹುಲ್ಲಿನ ಬಾಗು ನೋಡಿ ಹೇಳುತ್ತಿದ್ದರು. ಆ ಕಣ್ಣನ್ನು ಅಪರಾಧ ಅಂದ ಮೇಲೆ ಮಾಳ ಕಾಯುವ ಕಣ್ಣೇ ಕುರುಡಾಯಿತು. ವಿದರ್ಭದ ಅಕೋಲಾ, ವಾಶಿಂ ಕಡೆ ಈಗ ಪಾರ್ಧಿಗಳೇ ತಣಮೋರ ಅನ್ನುವ ಇನ್ನೊಂದು ಹುಲ್ಲುಗಾವಲು ಹಕ್ಕಿಯ ನೆಲ ಕಾಯುವ ಕೆಲಸಕ್ಕೆ ನಿಂತಿದ್ದಾರೆ. ಅದು ಸರಿಯಾದ ದಾರಿ.

ಪುಣೆಯಲ್ಲೂ ಸ್ವಲ್ಪ ಬೆಳಕಿದೆ. ಸುಪೆ ಹತ್ತಿರದ ಮಯೂರೇಶ್ವರ ಅಭಯಾರಣ್ಯ ಐದು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟರಲ್ಲೇ ಚಿಂಕಾರ ಉಳಿದಿವೆ. ಇಂದಾಪುರ ತಾಲೂಕಿನ ಕಡಬನವಾಡಿ, ಬಾರಾಮತಿಯ ಶಿರ್ಸುಫಳದಲ್ಲಿ ಅರಣ್ಯ ಇಲಾಖೆ ಹುಲ್ಲುಗಾವಲು ಸಫಾರಿ ಶುರು ಮಾಡಿದೆ. ಹುಲ್ಲು ನೋಡಲು ಜನ ಟಿಕೆಟ್ ಕೊಳ್ಳುತ್ತಾರೆಂದರೆ ನನ್ನ ಅಜ್ಜಿ ನಗುತ್ತಿದ್ದಳು. ಆದರೆ ಸರ್ಕಾರದ ಪುಸ್ತಕದಲ್ಲಿ ಇಂಥ ಎಷ್ಟೋ ನೆಲ ಇವತ್ತಿಗೂ 'ಪಡೀಕ', ಅಂದರೆ ಬಂಜರು. ಬಂಜರು ಅಂತ ಬರೆದ ಕೂಡಲೇ ಅಲ್ಲಿ ಸೋಲಾರ್ ಹಾಕಬಹುದು, ಕಾರ್ಖಾನೆ ಕಟ್ಟಬಹುದು, ಬೇಡವಾದ ಗಿಡ ನೆಡಬಹುದು. ಗುಂಡಿಗಿಂತ ಹೆಚ್ಚು ಹಕ್ಕಿ ಕೊಂದದ್ದು ಆ ಒಂದು ಪದ.

ಇನ್ನು ನಿನ್ನ ಪ್ರಶ್ನೆ. ಹೋಗು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಅಲ್ಲಿಯ ಕಾನೂನು ಬಿಟ್ಟಿದ್ದರೆ, ನಿನ್ನ ಮನಸ್ಸು ಒಪ್ಪಿದರೆ, ಅದು ನಿನ್ನ ಲೆಕ್ಕ. ಆದರೆ ಬಂದೂಕು ಮುಟ್ಟುವ ಮೊದಲು ಆ ಊರಿನ ಹಳೆಯ ಬೇಟೆಗಾರನೊಬ್ಬನನ್ನು ಹುಡುಕಿ ಮೂರು ಪ್ರಶ್ನೆ ಕೇಳು. ಹೇಂಟೆ ಎಲ್ಲಿ ಮೊಟ್ಟೆ ಇಡುತ್ತದೆ? ಮರಿ ಏನು ತಿನ್ನುತ್ತದೆ? ಈ ವರ್ಷ ಒಂದು ಹೇಂಟೆಯ ಹಿಂದೆ ಎಷ್ಟು ಮರಿ ಕಂಡೆ? ಮೂರಕ್ಕೂ ಅವನು ಬೆರಳು ಮಾಡಿ ಜಾಗ ತೋರಿಸಿ ಉತ್ತರ ಹೇಳಿದರೆ ಅವನ ಜೊತೆ ಹೋಗು, ಒಂದು ದಿನ ಬರಿಗೈಯಲ್ಲಿ. ಬಾಲ ಬಿಡಿಸಿ ಫೋಟೋ ತೆಗೆಸಿಕೊಳ್ಳುವುದನ್ನಷ್ಟೇ ಹೇಳುವವನಾದರೆ ಅವನ ಹತ್ತಿರ ನೀನು ಕಲಿಯುವುದೇನೂ ಇಲ್ಲ.

ಓದು ಮುಗಿಸಿ ನೀನು ಇಲ್ಲಿಗೆ ಬಂದರೆ ಅವೇ ಮೂರು ಪ್ರಶ್ನೆ ಇಲ್ಲೂ ಕೇಳು. ಯಾರಾದರೂ ಖಾಲಿ ಗುಡ್ಡಕ್ಕೆ ಸಸಿ ಹೊತ್ತು ಕರೆದಾಗ ಕೇಳು. ನೀನು ಇಂಜಿನಿಯರು, ನಾಳೆ ನಿನ್ನ ಮೇಜಿಗೆ ವಿದ್ಯುತ್ ತಂತಿ ಎಳೆಯುವ, ಗಾಳಿಯಂತ್ರ ನಿಲ್ಲಿಸುವ ನಕಾಶೆ ಬರಬಹುದು. ಎದುರಿಗಿನ ತಂತಿ ಕಾಣದೆ ಹಾರಿಬಂದ ಮಾಳಢೋಕ ಡಿಕ್ಕಿ ಹೊಡೆದು ಸಾಯುತ್ತದೆ. ಸುಪ್ರೀಂ ಕೋರ್ಟಿನವರೆಗೆ ಆ ಜಗಳ ಹೋಗಿದೆ. ಆ ನಕಾಶೆಯಲ್ಲಿ 'ಬಂಜರು' ಅನ್ನುವ ಪದ ಕಂಡರೆ ಪೆನ್ನು ಕೆಳಗಿಟ್ಟು ಒಂದು ಸಲ ಆ ನೆಲಕ್ಕೆ ಹೋಗಿ ಬಾ. ಜೈಸಲ್ಮೇರಿನ ಸಮ್‌ನಲ್ಲಿ ಮಾಳಢೋಕದ ಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡುತ್ತಿದ್ದಾರೆ, 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿ ಆಯಿತು. ದೊಡ್ಡ ಕೆಲಸ. ಆ ಮರಿಗಳ ಮೊಮ್ಮಕ್ಕಳನ್ನು ಮುಂದೊಂದು ದಿನ ಸೋಲಾಪುರಕ್ಕೆ ತಂದರೆ, ಇಳಿಸಲು ಜಾಗ ಬೇಕಲ್ಲ? ಮಿಸೌರಿಯ ಮೊದಲ ತಪ್ಪನ್ನು ನಾವು ಮಾಡಬಾರದಲ್ಲ?

ಹೊರಡುವ ಮೊದಲು ಒಂದು ಭಾನುವಾರ ನನಗೆ ಕೊಡು. ಬೆಳಗ್ಗೆ ಐದೂವರೆಗೆ ವೇತಾಳ ಟೇಕಡಿ, ಬಯಲಿನ ಕಡೆ. ಮೊಬೈಲ್ ಜೇಬಿನಲ್ಲಿರಲಿ. ಪಕ್ಕದ ಮನೆಯವರ ನಾಯಿ ಹಿಂದೆ ಬಂದರೆ ವಾಪಸು ಕಳಿಸು, ಇದು ಮೊಟ್ಟೆಯ ಕಾಲ. ಹುಲ್ಲಿನೊಳಗೆ ಕಾಲಿಡದೆ ಕಾಲುದಾರಿಯಲ್ಲೇ ಕೂರೋಣ. "ಪಟೀಲ, ಪಟೀಲ" ಕೂಗು ಎಷ್ಟು ದಿಕ್ಕಿನಿಂದ ಬರುತ್ತದೆ ಎಣಿಸಿ ಹೇಳು. ಹೋದ ವರ್ಷ ಇದೇ ಹೊತ್ತಿಗೆ ನಾನು ನಾಲ್ಕು ಎಣಿಸಿದ್ದೆ. ನನ್ನ ಕಿವಿ ಈಗ ಅಷ್ಟು ಚುರುಕಿಲ್ಲ.

ನಿನ್ನ ಅಜ್ಜ